ರೇಡಿಯೊ ತರಂಗ, ಕ್ಯಾನ್ಸರ್: ಪ್ರಾಣಿ ಪ್ರಯೋಗಗಳಲ್ಲಿ ‘ಹೌದು’ ಎಷ್ಟು, ‘ಇಲ್ಲ’ ಎಷ್ಟು ಎಂದು ಎಣಿಸಿ ತೀರ್ಮಾನ ಬರೆಯಬಹುದೇ?

ಬೀದರಿನ ಪಶುವೈದ್ಯಕೀಯ ಕಾಲೇಜಿನ ಸೆಮಿನಾರಿಗೆ ಪಟ್ಟಿ ಮಾಡುತ್ತಿದ್ದೀನಿ ಅಂದಿದ್ದೀರಿ. ಇಂಥದೇ ಪಟ್ಟಿ ಹಾಕಿ ಕೂತವನು ನಾನೂ. ಎಣಿಸಬೇಡ್ರಿ. ನೂರಕ್ಕೆ ಒಂದೋ ಎರಡೋ ಬರುವ ಗಡ್ಡೆಯನ್ನು ಇಪ್ಪತ್ತು ಇಲಿಗಳಲ್ಲಿ ಆರು ತಿಂಗಳು ಹುಡುಕಿ ‘ಇಲ್ಲ’ ಅಂದರೆ ಆ ‘ಇಲ್ಲ’ಕ್ಕೆ ತೂಕವಿಲ್ಲ.

ಮೊದಲು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದ 2018ರ ವರದಿ ತೆಗೀರಿ. 900 ಮೆಗಾಹರ್ಟ್ಸ್, ಜಿಎಸ್‌ಎಂ, ಸಿಡಿಎಂಎ ಎಂಬ ಎರಡು ಬಗೆಯ ಮೊಬೈಲ್ ತರಂಗ, 10 ನಿಮಿಷ ಚಾಲೂ, 10 ನಿಮಿಷ ಬಂದ್, ಒಟ್ಟು ದಿನಕ್ಕೆ ಸುಮಾರು 9 ತಾಸು, ಇಡೀ ಮೈ ಹೀರುವ ಶಕ್ತಿ ಮೈತೂಕದ ಕಿಲೋಗೆ 1.5, 3, 6 ವ್ಯಾಟ್. ಗಂಡು ಇಲಿಗಳ ಹೃದಯದಲ್ಲಿ ಶ್ವಾನೋಮಾ (ನರದ ಹೊದಿಕೆಯ ಗಡ್ಡೆ) ಜಿಎಸ್‌ಎಂ ಗುಂಪುಗಳಲ್ಲಿ 90ಕ್ಕೆ 2, 1, 5, ಸಿಡಿಎಂಎದಲ್ಲಿ 2, 3, 6, ತರಂಗ ತಾಕಿಸದ ಕಂಟ್ರೋಲ್‌ನಲ್ಲಿ ಸೊನ್ನೆ.

ಎಡವುವುದು ಇಲ್ಲೇ. ಎರಡು ವರ್ಷದ ಕೊನೆಗೆ ಕಂಟ್ರೋಲ್ ಗಂಡುಗಳಲ್ಲಿ ಉಳಿದದ್ದು ಶೇ. 28 ಮಾತ್ರ; ತರಂಗ ತಾಕಿದ ಗುಂಪುಗಳಲ್ಲಿ ಶೇ. 48ರಿಂದ 68. ಮೂತ್ರಪಿಂಡ ಕೆಟ್ಟು ಮೊದಲೇ ಸತ್ತ ಇಲಿಗೆ ಮುಪ್ಪಿನ ಗಡ್ಡೆ ಬೆಳೆಯಲು ಕಾಲವೇ ಸಿಗಲಿಲ್ಲ. ಹಾಗಾಗಿ ಎಲ್ಲ ಗುಂಪಿಗೂ 90ರಿಂದ ಭಾಗಿಸಿದರೆ ಲೆಕ್ಕ ಓಲುತ್ತದೆ. ಪಾಲಿ-3 ಎಂಬ ಅಂಕಿಅಂಶದ ವಿಧಾನ ಇದನ್ನೇ ಸರಿಪಡಿಸುತ್ತದೆ: 104 ವಾರದ ಪ್ರಯೋಗದಲ್ಲಿ 52ನೇ ವಾರ ಗಡ್ಡೆಯಿಲ್ಲದೆ ಸತ್ತ ಇಲಿಯನ್ನು ಅರ್ಧದ ಘನ, ಅಂದರೆ 0.125 ಎಂದು ಹಿಡಿಯುತ್ತಾರೆ. ಗಡ್ಡೆ ಇದ್ದದ್ದು ಯಾವಾಗ ಸತ್ತರೂ ಪೂರ್ತಿ 1. ವರದಿಯ ಕೋಷ್ಟಕದಲ್ಲಿ ಹೀಗೆ ಹೊಂದಿಸಿದ ದರವನ್ನೇ ನಿಮ್ಮ ಪಟ್ಟಿಗೆ ಇಳಿಸಿಕೊಳ್ಳಿ. ಜಿಎಸ್‌ಎಂ, ಸಿಡಿಎಂಎ ಎರಡಕ್ಕೂ ಕಂಟ್ರೋಲ್ ಗುಂಪು ಒಂದೇ. ಆ ಸೊನ್ನೆಯನ್ನು ಎರಡು ಸಾಕ್ಷಿ ಮಾಡಬೇಡ್ರಿ.

ಹಾಗಂತ ತಳ್ಳಿಹಾಕಲೂ ಬಾರದು. ಇಟಲಿಯ ರಮಾಜಿನಿ ಸಂಸ್ಥೆ ಇಲಿಗಳನ್ನು ಸಹಜವಾಗಿ ಸಾಯುವವರೆಗೂ ಇಟ್ಟು ನೋಡಿತು. ತರಂಗದ ಬಲ ಮೀಟರಿಗೆ 50 ವೋಲ್ಟ್ ಇದ್ದ ಗುಂಪಿನ 207 ಗಂಡುಗಳಲ್ಲಿ 3ಕ್ಕೆ ಅದೇ ಹೃದಯದ ಗಡ್ಡೆ, ಕಂಟ್ರೋಲ್‌ನಲ್ಲಿ ಸೊನ್ನೆ. ಬೇರೆ ಪ್ರಯೋಗಾಲಯ, ಬೇರೆ ಮಟ್ಟ, ಅದೇ ಲಿಂಗ, ಅದೇ ಅಂಗ: ನನಗೆ ಭಾರ ಅನಿಸುವುದು ಇದು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ 2025ರ ವಿಮರ್ಶೆಯೂ 52 ಪ್ರಯೋಗ ತೂಗಿ ಗಂಡು ಇಲಿಗಳಲ್ಲಿ ಈ ಗಡ್ಡೆ ಬರುವ ಸಾಕ್ಷಿಗೆ ‘ಹೆಚ್ಚಿನ ಖಚಿತತೆ’ ಕೊಟ್ಟಿದೆ. ಅಮೆರಿಕದ ವರದಿಯಲ್ಲಿ ಹೆಣ್ಣಿಲಿ, ಸುಂಡಿಲಿ (ಮೌಸ್)ಗಳಲ್ಲಿ ಇಷ್ಟು ಸ್ಪಷ್ಟ ಸಾಕ್ಷಿ ಸಿಗಲಿಲ್ಲ. ಅದನ್ನೂ ಅಷ್ಟೇ ದೊಡ್ಡದಾಗಿ ಬರೀರಿ.

ನಿಮ್ಮ ಪಟ್ಟಿಯಲ್ಲಿ ಪ್ರತಿ ಲಿಂಗಕ್ಕೂ ಪ್ರತಿ ಡೋಸಿಗೂ ಬೇರೆ ಸಾಲು ಇರಲಿ. ಸ್ಲೈಡ್ ಓದಿದ ಪೆಥಾಲಜಿಸ್ಟ್‌ಗೆ ಗುಂಪು ಗೊತ್ತಿತ್ತೇ ಎಂಬುದಕ್ಕೂ ಒಂದು ಕಾಲಂ ಬೇಕು.

ಬಸವಕಲ್ಯಾಣದ ಮನೆಮಾಳಿಗೆ ಟವರಿನ ಪ್ರಶ್ನೆ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಕಿಲೋಗೆ 6 ವ್ಯಾಟ್ ಅಂದರೆ ಜನಸಾಮಾನ್ಯರ ಇಡೀ ಮೈಯ ಅಂತರರಾಷ್ಟ್ರೀಯ ಮಿತಿ 0.08ರ 75 ಪಟ್ಟು. ಭಾರತ 2012ರಲ್ಲಿ ಟವರ್‌ಗಳಿಗೆ ಹಾಕಿದ ಮಿತಿ 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 0.45 ವ್ಯಾಟ್, ಅಂದರೆ ಮೀಟರಿಗೆ ಸುಮಾರು 13 ವೋಲ್ಟ್. ಅದನ್ನು ರಮಾಜಿನಿಯ 50ರ ಪಕ್ಕದಲ್ಲಿಟ್ಟು ತೋರಿಸಿ.