ಕಾಸರಗೋಡಿನ ಹಿರಿಯ ಲೇಖಕರು ಹಳೆಯ ‘ನುಡಿ’ಯನ್ನು ಯಾಕೆ ಬಿಡುವುದಿಲ್ಲ?

ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಕೋಡ್ ಕೊಡುವ ಯುನಿಕೋಡ್ ಬಂದು ಇಷ್ಟು ವರ್ಷವಾದರೂ ನಮ್ಮ ಕಡೆಯ ಹಿರಿಯರು ಕನ್ನಡ ಟೈಪಿಸುವ ಹಳೆಯ ತಂತ್ರಾಂಶ ನುಡಿ 4.0ರಲ್ಲೇ ಬರೆದು ಕಳಿಸುತ್ತಾರೆ, ಇದೆಂಥ ಹಠ ಅಂತ ಕೇಳಿದ್ದೀರಿ. ಹಠ ಅಲ್ಲ ಮಾರಾಯ್ರೇ, ಅದರಲ್ಲಿ ಅರ್ಧ ಬೆರಳಿನ ಅಭ್ಯಾಸ. ನುಡಿಯ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯಲ್ಲಿ ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ಮುಗಿಯಿತು. ಎಫ್ ಅಂದರೆ ಒತ್ತಕ್ಷರ ಕೂಡಿಸುವ ಕೀಲಿ. ಇಂಗ್ಲಿಷ್ ಉಚ್ಚಾರದ ಪ್ರಕಾರ ಟೈಪಿಸುವ ಕ್ರಮದಲ್ಲಿ ಅದೇ ಪದಕ್ಕೆ ಏಳು ಕೀಲಿ, ನಡುವೆ ಒಂದು ಶಿಫ್ಟ್. ಮುನ್ನೂರು ಪುಟ ಬರೆಯುವವರಿಗೆ ಈ ವ್ಯತ್ಯಾಸ ಮಣಿಕಟ್ಟಿಗೇ ಗೊತ್ತಾಗುತ್ತದೆ.

ಇನ್ನರ್ಧ, ಕೇಳದೆ ತಿದ್ದುವ ತಂತ್ರಾಂಶದ ಕಾಟ. ನುಡಿಯ ಹಳೆಯ ಫಾಂಟ್ ಎಂದರೆ ರೋಮನ್ ಅಕ್ಷರಕ್ಕೆ ಕನ್ನಡದ ವೇಷ. ಅದರಲ್ಲಿ ಸಣ್ಣ ಡಿ ‘ಜ’ ಆದರೆ ದೊಡ್ಡ ಡಿ ‘ಆ’. ಹೊಸ ವರ್ಡ್‌ನಲ್ಲಿ ವಾಕ್ಯವನ್ನು ‘ಜನ’ ಅಂತ ಶುರು ಮಾಡಿ ನೋಡಿ: ವಾಕ್ಯದ ಮೊದಲಕ್ಷರ ದೊಡ್ಡದಾಗಬೇಕೆಂದು ಅದು ತಿದ್ದಿತೋ, ‘ಆನ’ ಆಯಿತು! ಆಟೋಕರೆಕ್ಟ್ ಆಯ್ಕೆಗಳಲ್ಲಿ ಮೊದಲಕ್ಷರದ ಟಿಕ್ ತೆಗೆಯಬೇಕು. ನುಡಿಯ ಸ್ವಂತ ಎಡಿಟರಿನಲ್ಲಿ ಈ ಉಪದ್ರವೇ ಇಲ್ಲ. ‘ಗೇಮ್ ಆಫ್ ಥ್ರೋನ್ಸ್’ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್, ವಿಂಡೋಸಿಗೂ ಹಿಂದಿನ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4.0 ಎಂಬ ಹಳೆಯ ಬರವಣಿಗೆ ತಂತ್ರಾಂಶ ಬಳಸುವುದಾಗಿ 2014ರಲ್ಲಿ ಟೀವಿಯಲ್ಲಿ ಹೇಳಿದಾಗಲೂ ದೂರು ಇದೇ ಆಗಿತ್ತು: ಸಣ್ಣಕ್ಷರ ಒತ್ತಿದರೆ ಸಣ್ಣಕ್ಷರವೇ ಬರಲಿ.

ಪ್ರೆಸ್ಸಿನವರದ್ದೂ ಪಾಲಿದೆ. ಪೇಜ್‌ಮೇಕರ್ 7ಕ್ಕೆ ಯುನಿಕೋಡ್ ಗೊತ್ತಿಲ್ಲ. ಅದರಲ್ಲೇ ಪುಟ ಕಟ್ಟುವವರು ನುಡಿ ಫೈಲನ್ನೇ ಕೇಳುತ್ತಾರೆ.

ಆದರೆ ಈ ನಿಷ್ಠೆಗೆ ದಂಡವೂ ಇದೆ. ಇಲ್ಲಿನ ಶಾಲೆಗಳ ಕಂಪ್ಯೂಟರಿನಲ್ಲಿರುವುದು ಕೈಟ್‌ನ (ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಕೇರಳ ಸರಕಾರದ ಸಂಸ್ಥೆ) ಲಿನಕ್ಸ್. ನುಡಿ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಕಾಣುವುದು ಸೊಟ್ಟ ರೋಮನ್ ಅಕ್ಷರಗಳ ರಾಶಿ. ಯುನಿಕೋಡಿಗೆ ಪರಿವರ್ತಿಸುವಾಗ ಮೊದಲು ಎಡವುವುದು ಅರ್ಕಾವತ್ತು: ‘ಸೂರ್ಯ’ದಲ್ಲಿ ನುಡಿ ಅದನ್ನು ‘ಯ’ದ ನಂತರ ಇಟ್ಟಿರುತ್ತದೆ, ಯುನಿಕೋಡಿಗೆ ‘ರ್’ ಮೊದಲು ಬೇಕು. ಅದಕ್ಕಿಂತ ಕಷ್ಟ, ನಡುವೆ ಬಂದ ಇಂಗ್ಲಿಷ್ ಪದ. ಕಾಸರಗೋಡಿನವರಾದರೆ ಹಳೆಯ ಎಂಎಲ್-ಟಿಟಿ ಫಾಂಟಿನ ಮಲಯಾಳ ಸಾಲು ಕೂಡ. ಪರಿವರ್ತಕಕ್ಕೆ ಫಾಂಟ್ ಕಾಣುವುದಿಲ್ಲ, ಕೋಡ್ ಮಾತ್ರ ಕಾಣುತ್ತದೆ, ಹಾಗಾಗಿ ಎಲ್ಲವನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಆ ಭಾಗಗಳನ್ನು ಮೊದಲೇ ಬೇರೆ ಫೈಲಿಗೆ ಎತ್ತಿಟ್ಟು, ಜಾಗದಲ್ಲಿ 1, 2 ಅಂತ ಗುರುತು ಹಾಕಿ, ಆಮೇಲೆ ಪರಿವರ್ತಿಸಿ.

ನಿಮ್ಮ ಮನೆಯ ಹಿರಿಯರಿಗೆ ಹೊಸತು ಕಲಿಸುವುದಿದ್ದರೆ ಕೀಲಿಮಣೆ ಬದಲಿಸಬೇಡಿ. ಲಿನಕ್ಸಿನಲ್ಲಿ ಭಾಷೆಯ ಕೀಲಿಮಣೆ ಆಯ್ದುಕೊಳ್ಳುವ ಐಬಸ್‌ನಲ್ಲಿ ಕನ್ನಡ ಕೆಜಿಪಿ ವಿನ್ಯಾಸ ಇದೆ, ಅದನ್ನು ಸೇರಿಸಿದರೆ ಬೆರಳು ಅದೇ, ಫೈಲ್ ಯುನಿಕೋಡ್. ನುಡಿಯೇ ಬೇಕು, ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ಕನ್ನಡಕ್ಕೆ ಬದಲಿಸುವ ಸ್ಕ್ರೋಲ್ ಲಾಕ್ ಕೀಲಿಯೇ ಇಲ್ಲ ಅಂತಾದರೆ, ವಿಂಡೋಸಿನ ಪರದೆ ಕೀಬೋರ್ಡ್ ತೆರೆಯಿರಿ. ಬಲಬದಿಯಲ್ಲಿ ಆ ಕೀಲಿ ಸಿಗುತ್ತದೆ.