ಓದು ಮುಗಿದ ಮರುದಿನವೇ ಗಂಟುಮೂಟೆ ಕಟ್ಟಬೇಕೇ?

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಹಾಸನದ ಕಡೆಯ ಓದುಗರೊಬ್ಬರ ಪತ್ರ. ಜಾಗದ ಅಭಾವದಿಂದ ಸಾರ ಮಾತ್ರ:

"ಅಮೆರಿಕದಲ್ಲಿ ವಿಜ್ಞಾನ, ತಂತ್ರಜ್ಞಾನ ಓದಿದ ಹೊರದೇಶದ ವಿದ್ಯಾರ್ಥಿಗಳಿಗೆ ಓದಿನ ನಂತರ ಕೊಡುವ ಕೆಲಸದ ಅನುಮತಿಯನ್ನು ಉಳಿಸಬೇಕು, ಅಷ್ಟೇ ಅಲ್ಲ, ಇನ್ನೂ ವಿಸ್ತರಿಸಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು 1998ರಲ್ಲಿ ವೈಟುಕೆ ಕೆಲಸಕ್ಕೆಂದು (2000ನೇ ಇಸವಿಗೆ ಕಂಪ್ಯೂಟರ್‌ಗಳ ದಿನಾಂಕ ಸರಿಪಡಿಸುವ ಕೆಲಸ) ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಬಂದವನು. ಈಗ ಇಲ್ಲಿನ ಪ್ರಜೆ. ಹೋದ ವರ್ಷ ಕೆಲಸ ಹೋಯಿತು. ನನ್ನ ಕುರ್ಚಿಯಲ್ಲಿ ಈಗ ಕೂತಿರುವವನು ಆಗಷ್ಟೇ ಎಂ.ಎಸ್. ಮುಗಿಸಿದ ನಮ್ಮ ಕಡೆಯ ಹುಡುಗ. ಅವನಿಗೆ ಸಂಬಳ ಕಡಿಮೆ, ಕಂಪನಿಗೆ ತೆರಿಗೆ ಉಳಿತಾಯ. ಓದಲು ಬಂದವರು ಓದಿ ಹೋಗಲಿ. ಈ ಹಿಂಬಾಗಿಲನ್ನು ಕನ್ನಡದ ಪತ್ರಿಕೆ ಯಾಕೆ ಹೊಗಳಬೇಕು?"

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಪತ್ರ ನೋಡಿ ಸಂತೋಷವಾಯಿತು, ಸ್ವಲ್ಪ ಸಿಟ್ಟೂ ಬಂತು. ಸಂತೋಷ ಯಾಕೆಂದರೆ, ಈಗ ನಮಗೆ ಬರುವುದೆಲ್ಲ ಮೊಬೈಲಿನ ಹೆಬ್ಬೆರಳು. ಲೇಖನ ಚೆನ್ನಾಗಿದ್ದರೆ ಹೆಬ್ಬೆರಳು ಮೇಲೆ, ಇಲ್ಲದಿದ್ದರೆ ಅದೂ ಇಲ್ಲ. ನೀವು ಕೂತು ಎರಡು ಪುಟ ಬರೆದಿದ್ದೀರಿ. ಜಗಳ ಆಡಿದರೂ ಹೀಗೆ ಆಡಬೇಕು.

ಮೊದಲು ನಿಮ್ಮ ಸರಿಯನ್ನು ಒಪ್ಪಿಬಿಡುತ್ತೇನೆ. ತೆರಿಗೆಯ ಮಾತು ನೂರಕ್ಕೆ ನೂರು ನಿಜ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಮೊದಲ 5 ವರ್ಷ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ, ಅಂದರೆ ಪಿಂಚಣಿಗೂ ವೃದ್ಧರ ಆರೋಗ್ಯ ವಿಮೆಗೂ ಕಟ್ಟುವ ತೆರಿಗೆ, ಇಲ್ಲ. ಅವರ ಪಾಲಿನ ಶೇ. 7.65 ಅವರಿಗೆ ಉಳಿಯುತ್ತದೆ, ಮಾಲೀಕರ ಪಾಲಿನ ಶೇ. 7.65 ಮಾಲೀಕರಿಗೆ ಉಳಿಯುತ್ತದೆ. ಇಬ್ಬರು ಸಮಾನ ಅಭ್ಯರ್ಥಿಗಳು ಬಂದರೆ ಲೆಕ್ಕ ಬರೆಯುವವನ ಕಣ್ಣು ಯಾರ ಕಡೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಇದು ಅನ್ಯಾಯ. ತೆಗೆಯಲಿ. ಕೆಲಸ ಕೊಟ್ಟಂತೆ ತೋರಿಸುವ, ಕಾಗದದ ಮೇಲಷ್ಟೇ ಇರುವ ಕನ್ಸಲ್ಟೆನ್ಸಿಗಳ ಹಾವಳಿಯೂ ಸುಳ್ಳಲ್ಲ. ಅವುಗಳ ಬಾಗಿಲು ಮುಚ್ಚಿಸಿದರೆ ನಮ್ಮ ಕಣ್ಣಲ್ಲಿ ನೀರು ಬರುವುದಿಲ್ಲ.

ಇನ್ನು ನನ್ನ ಸರದಿ.

ಗೊತ್ತಿಲ್ಲದ ಓದುಗರಿಗಾಗಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ ಎಫ್-1 ವೀಸಾದ ಮೇಲೆ ಓದಿದವರಿಗೆ ಓದು ಮುಗಿದ ಮೇಲೆ ತಮ್ಮ ವಿಷಯದಲ್ಲೇ 12 ತಿಂಗಳು ಕೆಲಸ ಮಾಡಲು ಅನುಮತಿ ಸಿಗುತ್ತದೆ. ಎಲ್ಲರೂ ಒಪಿಟಿ ಅನ್ನುವುದು ಇದನ್ನೇ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಅದರ ಮೇಲೆ ಇನ್ನೂ 24 ತಿಂಗಳು. ಅದು ಸ್ಟೆಮ್ ಒಪಿಟಿ. ಒಟ್ಟು 3 ವರ್ಷ. ಸುಮ್ನೆ ಕೂತು ಕಳೆಯುವ ವರ್ಷಗಳಲ್ಲ ಇವು. ಈ ಮೂರೂ ವರ್ಷ ಸೇರಿ 150 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ.

ನೀವು ಇದನ್ನು ಹಿಂಬಾಗಿಲು ಅಂದಿರಿ. 2008ರಲ್ಲಿ ಈ ವಿಸ್ತರಣೆ ಮೊದಲು ಬಂದಾಗ ಹಾಗೆ ಕರೆಯಲು ಒಂದು ಕಾರಣ ಇತ್ತು. ಆ ಮಾರ್ಚ್‌ನಲ್ಲಿ ಬಿಲ್ ಗೇಟ್ಸ್ ಸಂಸತ್ತಿನ ಸಮಿತಿಯ ಮುಂದೆ ಕೂತು, ಒಳ್ಳೆಯ ವಿದ್ಯಾರ್ಥಿಗಳನ್ನು ನಾವೇ ಓದಿಸಿ ನಾವೇ ಹೊರಗೆ ಕಳಿಸುತ್ತಿದ್ದೇವೆ ಎಂದು ಅಲವತ್ತುಕೊಂಡರು. ಏಪ್ರಿಲ್‌ನಲ್ಲಿ ಬುಷ್ ಸರ್ಕಾರ 17 ತಿಂಗಳು ಸೇರಿಸಿಬಿಟ್ಟಿತು. ಜನರ ಅಭಿಪ್ರಾಯ ಕೇಳಲಿಲ್ಲ. ವಾಷಿಂಗ್ಟನ್ ರಾಜ್ಯದ ತಂತ್ರಜ್ಞಾನ ಕೆಲಸಗಾರರ ಸಂಘ ಕೋರ್ಟಿಗೆ ಹೋಯಿತು. 2015ರ ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಎಲೆನ್ ಹ್ಯುವೆಲ್ ಆ ನಿಯಮವನ್ನು ರದ್ದು ಮಾಡಿದರು. ತರಾತುರಿಯಲ್ಲಿ ಮಾಡಿದ್ದು ತಪ್ಪು ಅಂದರು.

ಆಮೇಲೆ ಏನಾಯಿತು ನೋಡಿ. ಒಬಾಮಾ ಸರ್ಕಾರ ಕರಡು ಪ್ರಕಟಿಸಿ ಅಭಿಪ್ರಾಯ ಕೇಳಿತು. 50,000ಕ್ಕೂ ಹೆಚ್ಚು ಪ್ರತಿಕ್ರಿಯೆ ಬಂದವು. ಬೈದವರೂ ಇದ್ದರು, ಬೆಂಬಲಿಸಿದವರೂ ಇದ್ದರು. 2016ರ ಮೇ ತಿಂಗಳಲ್ಲಿ 24 ತಿಂಗಳ ಹೊಸ ನಿಯಮ ಜಾರಿಗೆ ಬಂತು. ಅದರ ಮೇಲೂ ಕೇಸು ನಡೆಯಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಇಷ್ಟು ಜನ ಇಷ್ಟು ವರ್ಷ ನೋಡಿ, ತಟ್ಟಿ, ಅಲ್ಲಾಡಿಸಿ ಬಿಟ್ಟ ಬಾಗಿಲು ಹಿಂಬಾಗಿಲು ಹೇಗಾಗುತ್ತದೆ ಸ್ವಾಮಿ?

ಹೊಸ ನಿಯಮದಲ್ಲಿ ಐ-983 ಅನ್ನುವ ಒಂದು ಫಾರ್ಮ್ ಇದೆ. ನನಗೆ ಅದರ ಮೇಲೆ ಒಂಥರಾ ಮೋಹ. ಪ್ರಿಂಟ್ ತೆಗೆಸಿ ಓದಿದ್ದೇನೆ. ಮನೆಯಲ್ಲಿ ನಗುತ್ತಾರೆ. ವಿದ್ಯಾರ್ಥಿ ಏನು ಕಲಿಯುತ್ತಾನೆ, ಯಾರು ಕಲಿಸುತ್ತಾರೆ, ಕಲಿತದ್ದನ್ನು ಹೇಗೆ ಅಳೆಯುತ್ತಾರೆ ಎಂದು ಕಂಪನಿ ಅದರಲ್ಲಿ ಬರೆದು ಸಹಿ ಹಾಕಬೇಕು. ವರ್ಷ ತುಂಬಿದಾಗ ವಿದ್ಯಾರ್ಥಿ ತನ್ನ ಮೌಲ್ಯಮಾಪನ ತಾನೇ ಬರೆದು ಕಾಲೇಜಿಗೆ ಕೊಡಬೇಕು, ಕೊನೆಯಲ್ಲಿ ಮತ್ತೊಮ್ಮೆ. ಈ ಕೆಲಸಕ್ಕಾಗಿ ಇದ್ದ ನೌಕರನನ್ನು ತೆಗೆದು ಇವನನ್ನು ಕೂರಿಸಿಲ್ಲ ಎಂದೂ ಕಂಪನಿ ಅದರಲ್ಲೇ ಬರೆದುಕೊಡಬೇಕು. ಸಂಬಳ ಅಲ್ಲಿಯವರಿಗೆ ಕೊಡುವಷ್ಟೇ ಇರಬೇಕು. ಆದ್ದರಿಂದ ನಿಮ್ಮ ಕುರ್ಚಿಯ ವಿಷಯದಲ್ಲಿ ಸುಳ್ಳು ಸಹಿ ಬಿದ್ದಿದ್ದರೆ, ಅದನ್ನು ಹಾಕಿದವರು ನಿಮ್ಮ ಹಳೆಯ ಕಂಪನಿಯವರು. ನೀವು ಬೈಯುತ್ತಿರುವುದು ಮಾತ್ರ ಹುಡುಗನನ್ನು.

ಈಗ ನನ್ನ ಹಳೆಯ ಹಟಕ್ಕೆ ಬರುತ್ತೇನೆ. ಓದಿದ್ದು ಕೈಗೆ ಇಳಿಯದಿದ್ದರೆ ಅದು ಅರ್ಧ ಓದು. ಕಲಿಸಿದ ದೇಶವೇ ಆ ಇನ್ನರ್ಧಕ್ಕೂ ಜಾಗ ಕೊಡಬೇಕು. ಈ ಮಾತನ್ನು ಇದೇ ಪುಟದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಹಳೆಯ ಓದುಗರು ಮನ್ನಿಸಬೇಕು.

ಶಿವಮೊಗ್ಗದ ಕಡೆಯ ನಮ್ಮ ಪರಿಚಯದವರ ಮಗಳೊಬ್ಬಳು ಮೆಟೀರಿಯಲ್ಸ್ ಸೈನ್ಸ್‌ನಲ್ಲಿ ಎಂ.ಎಸ್. ಮಾಡಿ ಅರಿಜೋನಾದ ಚಿಪ್ ಕಾರ್ಖಾನೆಯಲ್ಲಿ ಸೇರಿದಳು. ತಲೆಯಿಂದ ಕಾಲವರೆಗೆ ಬಿಳಿ ಉಡುಪು ಹಾಕಿಕೊಂಡು ಒಳಗೆ ಹೋಗಬೇಕು. ಮೊದಲ ತಿಂಗಳುಗಳಲ್ಲಿ ಯಂತ್ರ ಮುಟ್ಟಲು ಬಿಡಲಿಲ್ಲವಂತೆ. ಬರೀ ನೋಡುವುದು, ಬರೆದುಕೊಳ್ಳುವುದು. ಒಂದು ತಪ್ಪು ಗುಂಡಿ ಒತ್ತಿದರೆ ಎಷ್ಟೋ ವಾರಗಳ ಮಾಲು ಹಾಳು. "ಅಂಕಲ್, ಕ್ಲಾಸಿನಲ್ಲಿ ಪ್ಲಾಸ್ಮಾ ಬಗ್ಗೆ ಸಮೀಕರಣ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಅದು ಕೆಟ್ಟಾಗ ಯಂತ್ರ ಹೇಗೆ ಸದ್ದು ಮಾಡುತ್ತೆ ಅಂತ ಗೊತ್ತಾಗಿದ್ದು ಎರಡನೇ ವರ್ಷ" ಅಂದಳು. ಬರೀ 12 ತಿಂಗಳ ಅನುಮತಿ ಇದ್ದಿದ್ದರೆ, ಕಂಪನಿ ಅವಳಿಗೆ ಕಲಿಸಿ ಮುಗಿಸುವ ಹೊತ್ತಿಗೆ ಅವಳು ವಿಮಾನ ಹತ್ತಬೇಕಿತ್ತು. ಇದರಲ್ಲಿ ಅಮೆರಿಕಕ್ಕೆ ಯಾವ ಲಾಭ?

ದೊಡ್ಡವರ ಉದಾಹರಣೆ ಬೇಕಾದರೆ ಅದೂ ಇದೆ. ಮೈಸೂರು ಸಂಸ್ಥಾನದ ಹುಡುಗನೊಬ್ಬ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋದ. ಅಲ್ಲಿನ ವಿಜ್ಞಾನ ಕಾಲೇಜಿನಲ್ಲಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಪಾಸಾದ. ಪುಣೆ ಆಗ ಬ್ರಿಟಿಷರ ಬೊಂಬಾಯಿ ಪ್ರಾಂತ್ಯ, ಮೈಸೂರಿಗೆ ಹೊರ ಸೀಮೆ. ಸರಿ, ಓದಾಯಿತಲ್ಲ, ಊರಿಗೆ ಹೊರಡು ಎಂದು ಬೊಂಬಾಯಿಯವರು ಹೇಳಲಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ ಕೊಟ್ಟರು. ಆತ ಅಲ್ಲಿ ಎರಡು ದಶಕಕ್ಕೂ ಹೆಚ್ಚು ದುಡಿದ. 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನೇ ಕಂಡುಹಿಡಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದ. 1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದ. ಅಂಥ ಗೇಟುಗಳು ಆಮೇಲೆ ಕನ್ನಂಬಾಡಿಗೂ ಬಂದವು. ವಿಶ್ವೇಶ್ವರಯ್ಯನವರು ಡಿಗ್ರಿ ಕೈಗೆ ಸಿಕ್ಕ ಕೂಡಲೇ ಮುದ್ದೇನಹಳ್ಳಿಗೆ ಹಿಂದಿರುಗಬೇಕಾಗಿದ್ದರೆ ಮಂಡ್ಯದ ಗದ್ದೆಗಳ ಗತಿ ಏನಾಗುತ್ತಿತ್ತೋ, ನೀವೇ ಯೋಚಿಸಿ. ಅವರೇನು ಬೊಂಬಾಯಿಯವರ ಕುರ್ಚಿ ಕದ್ದರೇ?

ಅವರ ಕಾಲದಲ್ಲಿ ವೀಸಾಕ್ಕೆ ಲಾಟರಿ ಇರಲಿಲ್ಲ, ನಿಜ. ನೀವು ಹೋದಾಗಲೂ ಇರಲಿಲ್ಲ. ಈಗ ಎಚ್-1ಬಿ ವರ್ಷಕ್ಕೆ 65,000, ಅಮೆರಿಕದಲ್ಲೇ ಎಂ.ಎಸ್., ಪಿಎಚ್.ಡಿ. ಮಾಡಿದವರಿಗೆ ಮೇಲೆ 20,000. ಕಂಪನಿಗಳಿಗೆ ಈ ಮಿತಿಯೊಳಗೆ ಅಭ್ಯರ್ಥಿಯ ಹೆಸರು ನೋಂದಾಯಿಸಲು ವರ್ಷಕ್ಕೊಮ್ಮೆ, ಮಾರ್ಚ್‌ನಲ್ಲಿ ಮಾತ್ರ ಅವಕಾಶ. ಹೆಸರುಗಳು ಮಿತಿ ಮೀರಿದರೆ ಲಾಟರಿ ಎತ್ತುತ್ತಾರೆ. 12 ತಿಂಗಳ ಅನುಮತಿ ಇದ್ದವನಿಗೆ ಒಂದು ಸಲ ಅದೃಷ್ಟ ನೋಡಬಹುದು. 36 ತಿಂಗಳು ಇದ್ದವನಿಗೆ ಮೂರು ಸಲ. ಊರಲ್ಲಿ ಅಪ್ಪ ಮನೆ ಅಡ ಇಟ್ಟು 40 ಲಕ್ಷ ಸಾಲ ತೆಗೆದಿರುತ್ತಾನೆ. ಆ ಮನೆಯ ಲೆಕ್ಕದಲ್ಲಿ ಒಂದಕ್ಕೂ ಮೂರಕ್ಕೂ ಎಷ್ಟು ವ್ಯತ್ಯಾಸ ಎಂದು ನಿಮಗೆ ನಾನು ಹೇಳಬೇಕೇ? ಲಾಟರಿ ಬಾರದಿದ್ದರೂ ಮೂರು ವರ್ಷ ಡಾಲರ್ ದುಡಿದವನು ಸಾಲ ತೀರಿಸಿ, ಕೈಯಲ್ಲೊಂದು ಕಸುಬು ಹಿಡಿದು ಬರುತ್ತಾನೆ.

ನಿಮ್ಮ 1998ರ ಬಗ್ಗೆ ಒಂದು ಮಾತು. ಸಿಟ್ಟಾಗಬೇಡಿ. ಆ ವರ್ಷ ಎಚ್-1ಬಿಯ 65,000 ವೀಸಾಗಳು ಮೇ ತಿಂಗಳಿಗೇ ಖಾಲಿಯಾದವು. ಅಮೆರಿಕದ ಸಂಸತ್ತು ಮಿತಿಯನ್ನು 1,15,000ಕ್ಕೆ ಏರಿಸಿತು, ಆಮೇಲೆ 1,95,000ಕ್ಕೆ. ಅದೇ 1998ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪ್ರಾಧ್ಯಾಪಕ ನಾರ್ಮನ್ ಮ್ಯಾಟ್ಲಾಫ್ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಸಾಫ್ಟ್‌ವೇರ್ ಜನರಿಗೆ ಬರಗಾಲ ಇದೆ ಅನ್ನುವುದೇ ಕಟ್ಟುಕತೆ, ವಯಸ್ಸಾದ ಪ್ರೋಗ್ರಾಮರ್‌ಗಳನ್ನು ಕಂಪನಿಗಳು ಮೂಲೆಗೆ ತಳ್ಳುತ್ತಿವೆ ಎಂಬುದು ಅವರ ವಾದ. ಆ ಮಾತು ಯಾರ ಮೇಲಿತ್ತು? ಹಾಸನದಿಂದ ಸೂಟ್‌ಕೇಸ್ ಹಿಡಿದು ಇಳಿದ ನಿಮ್ಮಂಥವರ ಮೇಲೆಯೇ ಅಲ್ವಾ? ಆಗ ನಿಮಗೆ ಅದು ಅಸೂಯೆಯ ಮಾತಾಗಿ ಕೇಳಿಸಿರಬೇಕು. ಐವತ್ತು ದಾಟಿದವರನ್ನು ಹೊರಗೆ ಹಾಕುವ ಚಾಳಿ ಕಂಪನಿಗಳಿಗೆ ಆಗಲೂ ಇತ್ತು. ಒಪಿಟಿ ನಾಳೆ ನಿಂತರೂ ಆ ಚಾಳಿ ನಿಲ್ಲುವುದಿಲ್ಲ. ನಿಮ್ಮ ಕೆಲಸ ಬೆಂಗಳೂರಿಗೇ ಬಂದುಬಿಡಬಹುದು ಅಷ್ಟೇ.

ಈ ನಿಯಮದಲ್ಲಿ ನನಗೆ ನಗು ಬರಿಸುವುದು ಸ್ಟೆಮ್ ಪಟ್ಟಿ, ಅಂದರೆ ಸಂಕೇತ ಸಂಖ್ಯೆ ಹಾಕಿ ಮಾಡಿದ ಸ್ಟೆಮ್ ವಿಷಯಗಳ ಪಟ್ಟಿ. ಬರೀ ಅರ್ಥಶಾಸ್ತ್ರ ಓದಿದರೆ 12 ತಿಂಗಳು. ಅದೇ ಅರ್ಥಶಾಸ್ತ್ರಕ್ಕೆ, ಅಂಕಿಅಂಶದ ಅರ್ಥಶಾಸ್ತ್ರವಾದ ಎಕನಾಮೆಟ್ರಿಕ್ಸ್‌ನ ಸಂಕೇತ ಸಂಖ್ಯೆ ಹಾಕಿದರೆ 36 ತಿಂಗಳು. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ರಾತ್ರೋರಾತ್ರಿ ಸಂಖ್ಯೆ ಬದಲಿಸಿಕೊಂಡವು. ಇತಿಹಾಸ, ಸಂಗೀತ ಓದಿದವರಿಗೆ ಇಂಥ ದಾರಿಯೂ ಇಲ್ಲ. ಅವರಿಗೆ ಕೈ ಪಳಗುವುದು ಬೇಡವೇ? ಆ ಜಗಳ ಇನ್ನೊಂದು ದಿನ ಆಡೋಣ.

ಬ್ರಿಟನ್ ನಿಮ್ಮ ಸಲಹೆಯನ್ನು ಒಮ್ಮೆ ಪಾಲಿಸಿ ನೋಡಿತು. ತೆರೇಸಾ ಮೇ ಗೃಹ ಸಚಿವೆಯಾಗಿದ್ದಾಗ, 2012ರಲ್ಲಿ, ಓದಿದ ಮೇಲಿನ ಎರಡು ವರ್ಷದ ಕೆಲಸದ ವೀಸಾ ನಿಲ್ಲಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. 2021ರಲ್ಲಿ ಅದೇ ಎರಡು ವರ್ಷವನ್ನು ಹೊಸ ಹೆಸರಿಟ್ಟು ವಾಪಸ್ ತಂದರು.

ಅಮೆರಿಕದಲ್ಲಿ ಈಗ ಮತ್ತೆ ಅದೇ ರಾಗ. ವಲಸೆ ಸೇವೆಗಳ ಇಲಾಖೆಯ ನಿರ್ದೇಶಕ ಜೋಸೆಫ್ ಎಡ್ಲೋ ನೇಮಕಕ್ಕೆ ಮುಂಚೆ, 2025ರ ಮೇ ತಿಂಗಳಲ್ಲಿ, ಓದು ಮುಗಿದ ಮೇಲಿನ ಈ ಅನುಮತಿಯನ್ನೇ ತೆಗೆಯುವ ಇಚ್ಛೆಯನ್ನು ಸೆನೆಟ್ ಸಮಿತಿಯ ಮುಂದೆ ಹೇಳಿದರು. ಇದು ಇಲಾಖೆಯ ನಿಯಮ, ಸಂಸತ್ತು ಮಾಡಿದ ಕಾನೂನಲ್ಲ. ಅದೇ ಇದರ ದೊಡ್ಡ ದೋಷ. ಸರ್ಕಾರ ಬದಲಾದಾಗಲೆಲ್ಲ ದಾವಣಗೆರೆ, ಧಾರವಾಡದ ಮನೆಗಳಲ್ಲಿ ರಾತ್ರಿ ನಿದ್ದೆ ಕೆಡುತ್ತದೆ. ಆದ್ದರಿಂದ ಇದನ್ನು ಕಾನೂನೇ ಮಾಡಲಿ, ಪಿಎಚ್.ಡಿ. ಮಾಡಿದವರಿಗೆ ಇನ್ನೂ ಉದ್ದ ಮಾಡಲಿ ಎಂದು ಬರೆದೆ. ಈಗಲೂ ಅದೇ ಅನ್ನುತ್ತೇನೆ.

"ಊರಿಗೆ ಬಂದು ಇಲ್ಲೇ ಕಲಿಯಲಿ" ಎಂದು ನೀವು ಎರಡನೇ ಪುಟದಲ್ಲಿ ಬರೆದಿದ್ದೀರಿ. ಎಲ್ಲಿ ಕಲಿಯುವುದು, ಹೇಳಿ. ಜಾಲಹಳ್ಳಿಯ ಎಚ್ಎಂಟಿಯಲ್ಲಿ ಒಂದು ಕಾಲಕ್ಕೆ ಹುಡುಗರು ವರ್ಷಗಟ್ಟಲೆ ಅರ ಹಿಡಿದು ಕಬ್ಬಿಣ ಉಜ್ಜಿ, ಆಮೇಲೆ ಲೇತ್ ಮುಟ್ಟುತ್ತಿದ್ದರು. ಗಡಿಯಾರದ ಕಾರ್ಖಾನೆ ಮುಚ್ಚಿತು. ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯ ಹಳೆಯ ವೈಭವ ಹೋಯಿತು. ಅವುಗಳ ಜೊತೆ ಕಲಿಸುವ ಮೇಸ್ತ್ರಿಗಳೂ ಹೋದರು. ಇವತ್ತು ನಮ್ಮ ಎಂಜಿನಿಯರಿಂಗ್ ಹುಡುಗರಿಗೆ ಇಂಟರ್ನ್‌ಶಿಪ್ ಕಡ್ಡಾಯ. ಎಷ್ಟೋ ಜನ ಏನು ಮಾಡುತ್ತಾರೆ? ಯಾವುದೋ ಮಹಡಿ ಮೇಲಿನ ಆಫೀಸಿಗೆ ಕೆಲವು ಸಾವಿರ ಕಟ್ಟಿ, ಬಣ್ಣದ ಸರ್ಟಿಫಿಕೇಟ್ ತರುತ್ತಾರೆ. ನಮ್ಮಲ್ಲಿ ಕಲಿಯುವವನೇ ದುಡ್ಡು ಕೊಡಬೇಕು. ಕಲಿಸಬೇಕಾದವನಿಗೆ ಕಲಿಸುವ ಕೆಲಸವೇ ಇಲ್ಲ. ಪ್ರಾಜೆಕ್ಟ್ ಕೂಡ ರೆಡಿಮೇಡ್ ಸಿಗುತ್ತದೆ, ವೈವಾದಲ್ಲಿ ಕೇಳುವ ಪ್ರಶ್ನೆಗಳ ಉತ್ತರದ ಸಮೇತ. ಇದನ್ನು ಬರೆದರೆ ಕಾಲೇಜಿನವರು ಫೋನ್ ಮಾಡಿ ಜಾಹೀರಾತು ನಿಲ್ಲಿಸುತ್ತೇವೆ ಅನ್ನುತ್ತಾರೆ. ನಿಲ್ಲಿಸಿಯೂ ಇದ್ದಾರೆ. ನಮ್ಮ ಸರ್ಕಾರ ಐ-983ರಂಥ ಒಂದು ಫಾರ್ಮ್ ತಂದು, ಕಲಿಸುತ್ತೇನೆ ಎಂದು ಕಂಪನಿಯಿಂದ ಬರೆಸಿಕೊಳ್ಳಲಿ ನೋಡೋಣ. ಅಂಥದ್ದು ಬರುವವರೆಗೆ ಅರಿಜೋನಾದಲ್ಲಿ ಕಲಿಯುವವರನ್ನು ಅಲ್ಲೇ ಕಲಿಯಲು ಬಿಡಿ.

ಇರಲಿ, ನಿಮ್ಮ ಪತ್ರಕ್ಕೆ ಬರುತ್ತೇನೆ. ಆ ಹುಡುಗನಿಗೆ ಅಲ್ಲಿ ಓಟಿಲ್ಲ, ನಿಮಗೆ ಇದೆ. ತೆರಿಗೆ ವಿನಾಯಿತಿ ತೆಗೆಯಿರಿ, ತರಬೇತಿ ಫಾರ್ಮಿಗೆ ಸುಳ್ಳು ಸಹಿ ಹಾಕುವ ಕಂಪನಿಗಳಿಗೆ ದಂಡ ಹಾಕಿ ಎಂದು ಅಲ್ಲಿನ ಸಂಸತ್ತಿನ ನಿಮ್ಮ ಸದಸ್ಯರಿಗೆ ಬರೆಯಿರಿ. ನಮಗೆ ಬರೆದಷ್ಟೇ ಖಾರವಾಗಿ ಬರೆಯಿರಿ. ಪ್ರತಿ ಕಳಿಸಿದರೆ ಕನ್ನಡಕ್ಕೆ ತಂದು ಇದೇ ಪುಟದಲ್ಲಿ ಹಾಕುತ್ತೇವೆ, ಒಂದು ಸಾಲೂ ಕತ್ತರಿಸದೆ.

— ಸಂ.