ಮುಂದಿನ ಲಿಸ್ಟಿನಾಗ ನಿಮ್ದು ಅದ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಸೀಮೆಯಲ್ಲಿ ಎರಡು ದಿನ ಇದ್ದು ಊರಿಗೆ ಮರಳಿದ ಮೇಲೆ ತಾವು ಕೇಳಿದ ಪ್ರಶ್ನೆ ನಮಗೆ ಹೊಸದಲ್ಲ. ಅಪ್ಪ ಗೆದ್ದ ಕ್ಷೇತ್ರದಲ್ಲಿ ಮಗ ಗೆಲ್ಲುತ್ತಾನೆ, ರಸ್ತೆ, ಶಾಲೆ, ಆಸ್ಪತ್ರೆಗಳು ಮಾತ್ರ ಇದ್ದಂತೆಯೇ ಇವೆ, ಹೀಗಿದ್ದೂ ನಿಮ್ಮ ಕಡೆಯ ಜನ ಅವರಿಗೇ ಏಕೆ ಮತ ಹಾಕುತ್ತಾರೆ ಎಂದು ಕೇಳಿದಿರಿ. ಈ ಜನಕ್ಕೆ ತಿಳಿವಳಿಕೆ ಕಡಿಮೆ ಎಂಬ ಸಣ್ಣ ಅನುಮಾನವೂ ಆ ಪ್ರಶ್ನೆಯೊಳಗೆ ಇತ್ತು. ಅದಕ್ಕೆ ನನಗೆ ಬೇಸರವಿಲ್ಲ, ಆದರೆ ಉತ್ತರವನ್ನು ಸ್ವಲ್ಪ ಉದ್ದವಾಗಿಯೇ ಕೊಡಬೇಕಾಗುತ್ತದೆ.

ತಾವು ಕಂಡದ್ದು ಸುಳ್ಳಲ್ಲ. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ನಮ್ಮ ಗುರುಮಠಕಲ್‌ನಿಂದ ಸತತವಾಗಿ ಎಂಟು ಸಲ ಗೆದ್ದರು. 2023ರಲ್ಲಿ ಅವರ ಮಗ ಪ್ರಿಯಾಂಕ್ ಚಿತ್ತಾಪುರದಿಂದ ಮೂರನೆಯ ಸಲ ಆಯ್ಕೆಯಾದರು, 2024ರಲ್ಲಿ ಅಳಿಯ ರಾಧಾಕೃಷ್ಣ ದೊಡ್ಡಮನಿ ಕಲಬುರಗಿಯ ಸಂಸದರಾದರು. ಜೇವರ್ಗಿಯಲ್ಲಿ ಧರ್ಮಸಿಂಗ್ ಅವರ ನಂತರ ಮಗ ಅಜಯ್ ಸಿಂಗ್. ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆಯವರ ಮಗ ಈಶ್ವರ ಖಂಡ್ರೆ, ಅವರ ಮಗ ಸಾಗರ್ 26ನೇ ವಯಸ್ಸಿಗೇ ಬೀದರಿನ ಸಂಸದ. ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರು 2024ರಲ್ಲಿ ತೀರಿಕೊಂಡಾಗ ಉಪಚುನಾವಣೆ ಗೆದ್ದವರು ಅವರ ಮಗ ವೇಣುಗೋಪಾಲ ನಾಯಕ. ಇದು ಒಂದೇ ಪಕ್ಷದ ಚಾಳಿಯೆಂದು ತಿಳಿಯಬೇಡಿ. ಗುರುಮಠಕಲ್‌ನಲ್ಲಿ ಜೆಡಿಎಸ್‌ನಿಂದ 2018ರಲ್ಲಿ ತಂದೆ ನಾಗನಗೌಡ ಕಂದಕೂರ ಗೆದ್ದರು, 2023ರಲ್ಲಿ ಮಗ ಶರಣಗೌಡ ಗೆದ್ದರು. 2019ರಲ್ಲಿ ಬಿಜೆಪಿಯಿಂದ ನಿಂತು ಖರ್ಗೆಯವರನ್ನೇ ಸೋಲಿಸಿದ ಉಮೇಶ್ ಜಾಧವ್ ಅವರ ಕಥೆ ಇನ್ನೂ ಸ್ವಾರಸ್ಯದ್ದು: ಅವರು ಬಿಟ್ಟುಬಂದ ಚಿಂಚೋಳಿ ವಿಧಾನಸಭಾ ಕ್ಷೇತ್ರವನ್ನು ಅದೇ ತಿಂಗಳು ಅವರ ಮಗ ಅವಿನಾಶ್ ಗೆದ್ದುಕೊಂಡರು.

ಇದಕ್ಕೆ ಜಾತಿ ಕಾರಣ, ಹಣ ಕಾರಣ ಎಂದು ಪತ್ರಿಕೆಗಳು ಬರೆಯುತ್ತವೆ. ಎರಡೂ ಇವೆ, ಆದರೆ ಎರಡೂ ಎದುರಾಳಿಯ ಕೈಯಲ್ಲಿಯೂ ಇರುತ್ತವೆ. ಮತದಾನದ ಹಿಂದಿನ ರಾತ್ರಿ ಓಣಿಗೆ ಬರುವ ಲಕೋಟೆ ಒಂದೇ ಕಡೆಯಿಂದ ಬರುವುದಿಲ್ಲ. ನಾನು ಬೇರೆಯದೊಂದನ್ನು ಹೇಳಬಯಸುತ್ತೇನೆ.

ಒಬ್ಬ ಶಾಸಕರು ಎಷ್ಟು ಸಮಿತಿಗಳಿಗೆ ಅಧ್ಯಕ್ಷರು ಎಂಬುದನ್ನು ತಾವು ಎಂದಾದರೂ ಲೆಕ್ಕ ಹಾಕಿದ್ದೀರಾ? ಬಗರ್ ಹುಕುಂ, ಅಂದರೆ ಸರಕಾರಿ ಜಮೀನಿನಲ್ಲಿ ಅಪ್ಪಣೆಯಿಲ್ಲದೆ ಮಾಡಿಕೊಂಡು ಬಂದ ಸಾಗುವಳಿಯನ್ನು ಸಕ್ರಮಗೊಳಿಸುವ ಸಮಿತಿಗೆ ಅವರೇ ಅಧ್ಯಕ್ಷರು. ಆಶ್ರಯ ಮನೆಗಳ ಸಮಿತಿಗೆ ಅವರೇ. ಗಂಗಾ ಕಲ್ಯಾಣದ ಕೊಳವೆಬಾವಿ ಯಾರಿಗೆ ಎಂದು ಆರಿಸುವ ಸಮಿತಿಗೂ ಅವರೇ. ತಾಲೂಕಿನ ಅಧಿಕಾರಿಗಳನ್ನೆಲ್ಲ ಎದುರಿಗೆ ಕೂಡಿಸಿಕೊಂಡು ಲೆಕ್ಕ ಕೇಳುವ ಕೆಡಿಪಿ ಸಭೆ ನಡೆಸುವವರೂ ಅವರೇ. ವಿಧಾನಸಭೆಯಲ್ಲಿ ಕುಳಿತು ಕಾನೂನು ಮಾಡಲಿ ಎಂದು ನಾವು ಆರಿಸಿ ಕಳಿಸುವ ಮನುಷ್ಯ ಊರಲ್ಲಿ ಮಾಡುವ ನಿಜವಾದ ಕೆಲಸ ಪಟ್ಟಿ ಮಾಡುವುದು. ಮನೆಗಳು ಹತ್ತು ಬಂದರೆ ಅರ್ಜಿಗಳು ನೂರು ಬಂದಿರುತ್ತವೆ, ಆ ನೂರರಲ್ಲಿ ತೊಂಬತ್ತಕ್ಕೂ ಅರ್ಹತೆ ಇರುತ್ತದೆ. ಅರ್ಹತೆಯಿಂದ ಆರಿಸಲು ಬಾರದ ಈ ಇಕ್ಕಟ್ಟಿನಲ್ಲಿಯೇ ಶಾಸಕರ ಸಹಿಗೆ ಬೆಲೆ ಬರುತ್ತದೆ.

ನಮ್ಮ ಕಾಕಾನ ಮಗನ ಬೋರ್‌ವೆಲ್ಲಿನ ಸಂಗತಿ ಹೇಳುತ್ತೇನೆ. ಯಾವ ಕ್ಷೇತ್ರ, ಯಾವ ಪಕ್ಷ ಎಂದು ಹೇಳುವುದಿಲ್ಲ, ಹೇಳಿದರೂ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಅವನು ಅರ್ಜಿ ಕೊಟ್ಟಾಗ ಇದ್ದ ಶಾಸಕರು ಒಂದು ಪಕ್ಷದವರು, ಕೊಳವೆಬಾವಿ ಕೊರೆದಾಗ ಇದ್ದವರು ಇನ್ನೊಂದು ಪಕ್ಷದವರು. ಅವನಿಗೆ ಮೂರು ಎಕರೆ ಹೊಲ, ಮಳೆ ಬಂದರೆ ತೊಗರಿ, ಬಾರದಿದ್ದರೆ ಬೆಂಗಳೂರಿನ ಕಟ್ಟಡ ಕೆಲಸ. ಗಂಗಾ ಕಲ್ಯಾಣ ನಡೆಸುವ ನಿಗಮಕ್ಕೆ ಅರ್ಜಿ ಹಾಕಿದ ಮೇಲೆ ಪ್ರತಿ ತಿಂಗಳೂ ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಶಾಸಕರ ಮನೆಯ ಮುಂದೆ ಹೋಗಿ ನಿಲ್ಲುತ್ತಿದ್ದ. ಅಂಗಳದ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲ ಬಳಿ ಚಪ್ಪಲಿಗಳ ರಾಶಿ, "ಸಾಹೇಬ್ರು ಎದ್ದಾರೇನ್ರಿ?" ಎಂಬ ಪಿಸುಮಾತು. ಸಾಹೇಬರು ಹೊರಗೆ ಬಂದು ಎಲ್ಲರಿಗೂ ಕೈ ಮುಗಿದು, ಇವನ ಅಪ್ಪನ ಹೆಸರು ಹಿಡಿದು ಆರೋಗ್ಯ ವಿಚಾರಿಸಿ, ಅರ್ಜಿಯನ್ನು ಪಕ್ಕದಲ್ಲಿದ್ದ ಪಿ.ಎ. ಕೈಗೆ ಕೊಡುತ್ತಿದ್ದರು. ಪಿ.ಎ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: "ಹೋಗಿ ಬರ್ರಿ, ಮುಂದಿನ ಲಿಸ್ಟಿನಾಗ ನಿಮ್ದು ಅದ."

ಮೂರು ವರ್ಷದ ನಂತರ ಹೆಸರು ಬಂತು. ಕೊರೆಯುವ ಗಾಡಿ ಬಂದು ಕೊರೆದು ಹೋಯಿತು, ದೇವರ ದಯದಿಂದ ನೀರೂ ಬಿತ್ತು. ಆದರೆ ಪಂಪ್‌ಸೆಟ್ ಬರಬೇಕಾದರೆ ಮತ್ತೊಂದು ಪಟ್ಟಿ, ವಿದ್ಯುತ್ ಸಂಪರ್ಕಕ್ಕೆ ಇನ್ನೊಂದು ಪಟ್ಟಿ. ಹೀಗೆ ಒಂದೇ ಬಾವಿಯ ಸಲುವಾಗಿ ಅವನು ಮೂರು ಸಲ ಋಣಕ್ಕೆ ಬಿದ್ದ. ಈ ನಡುವೆ ಚುನಾವಣೆ ಬಂದು ಶಾಸಕರು ಬದಲಾದರು. ಹೊಸ ಸಾಹೇಬರ ಅಂಗಳಕ್ಕೆ ಹೋದಾಗ ಅಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದವನು ಹಳೆಯ ಪಿ.ಎ.ಯ ತಮ್ಮ ಎಂದು ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಹೊರಗಿನವರು ಗಮನಿಸದ ಸೂಕ್ಷ್ಮವೊಂದು ಇಲ್ಲಿದೆ. ನಾಯಕ ಮನೆ ಕೊಟ್ಟದ್ದಕ್ಕಾಗಿ ಜನ ಮತ ಹಾಕುತ್ತಾರೆ ಎಂಬುದು ಅರ್ಧ ಸತ್ಯ. ಹತ್ತು ಜನಕ್ಕೆ ಮನೆ ಕೊಟ್ಟಾಗ ತೊಂಬತ್ತು ಜನ ಮುನಿಸಿಕೊಂಡಿರುತ್ತಾರೆ, ಪಡೆದ ಹತ್ತು ಜನ ಗೃಹಪ್ರವೇಶವಾದ ಮೇಲೆ ಸಾಹೇಬರನ್ನು ಮರೆಯುವುದೂ ಉಂಟು. ಬರೀ ಕೊಡುವುದರ ಮೇಲೆಯೇ ಅಧಿಕಾರ ನಿಂತಿದ್ದರೆ ಯಾವ ಶಾಸಕರೂ ಎರಡನೆಯ ಸಲ ಗೆಲ್ಲುತ್ತಿರಲಿಲ್ಲ. ದಶಕಗಟ್ಟಲೆ ಉಳಿದವರ ನಿಜವಾದ ವಿದ್ಯೆ, ಸಿಗದ ತೊಂಬತ್ತು ಜನರ ಆಸೆ ಬತ್ತದಂತೆ ನೋಡಿಕೊಳ್ಳುವುದು. ಅದಕ್ಕಾಗಿಯೇ ಅವರು ಮದುವೆ, ಜಾವಳ ತಪ್ಪಿಸುವುದಿಲ್ಲ, ಮಣ್ಣಿಗಂತೂ ಮೊದಲೇ ಬಂದು ಹೆಗಲು ಕೊಡುತ್ತಾರೆ, ಹತ್ತು ವರ್ಷದ ಹಿಂದೆ ಕಂಡವನನ್ನು ಹೆಸರು ಹಿಡಿದು ಕರೆಯುತ್ತಾರೆ. ಇದನ್ನು ನಾಟಕ ಎಂದು ತಳ್ಳಿಹಾಕಲಾರೆ, ಕೆಲವರಿಗೆ ಅದು ಸ್ವಭಾವವೇ ಆಗಿರುತ್ತದೆ. ಆದರೆ ಆ ಆಸೆಯ ದಾರ ಎಲ್ಲಿ ಹರಿಯುತ್ತದೆ ಎಂಬುದು ಪಳಗಿದವರಿಗೂ ತಿಳಿಯುವುದಿಲ್ಲ. ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಅವರು 2008ರಲ್ಲಿ ಜೇವರ್ಗಿಯಲ್ಲಿ 70 ಮತಗಳಿಂದ ಸೋತರು. ಎಪ್ಪತ್ತು ಮತ ಎಂದರೆ ಒಂದು ಸಣ್ಣ ಓಣಿ. ಮರುವರ್ಷವೇ ಅವರು ಬೀದರಿನಿಂದ ಲೋಕಸಭೆಗೆ ಆಯ್ಕೆಯಾದರು, 2013ರಲ್ಲಿ ಜೇವರ್ಗಿ ಮಗನ ಕೈಗೆ ಬಂತು.

ಈ ರೂಢಿ ಪ್ರಜಾಪ್ರಭುತ್ವದ ಜೊತೆಗೆ ಬಂದದ್ದಲ್ಲ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಪ್ರಜೆಗಳು. ಆಗ ಸರಕಾರಕ್ಕೂ ರೈತನಿಗೂ ನಡುವೆ ಜಾಗೀರದಾರ, ದೇಶಮುಖ, ಮಾಲಿಪಾಟೀಲ, ಪೊಲೀಸ್‌ಪಾಟೀಲ, ಸೇಂದಿಯ ಗುತ್ತಿಗೆ ಹಿಡಿದ ಗುತ್ತೇದಾರ ಇಷ್ಟು ಜನ ನಿಂತಿರುತ್ತಿದ್ದರು. ಈ ಹುದ್ದೆಗಳು ಹೋದರೂ ಹೆಸರುಗಳು ಅಡ್ಡಹೆಸರಾಗಿ ಉಳಿದವು, ಮತಪತ್ರದ ಮೇಲೂ ಬಂದವು. ಸರಕಾರದಿಂದ ಏನಾದರೂ ಬೇಕಾದರೆ ನಡುವೆ ಒಬ್ಬ ಮನುಷ್ಯ ಬೇಕು ಎಂಬ ತಿಳಿವಳಿಕೆ ನಮ್ಮ ಅಜ್ಜಂದಿರಿಂದ ಬಂದದ್ದು. ಅದಕ್ಕೆ ನಮ್ಮ ಮಾತಿನಲ್ಲಿ ವಶೀಲಿ ಎನ್ನುತ್ತೇವೆ. ಗಮನಿಸಿ, ಇಲ್ಲಿ ವಶೀಲಿ ಇದ್ದವನನ್ನು ಯಾರೂ ಕಳ್ಳನೆಂದು ನೋಡುವುದಿಲ್ಲ, ವಶೀಲಿ ಇಲ್ಲದವನನ್ನು ಪಾಪದವನೆಂದು ನೋಡುತ್ತಾರೆ.

ನಾನು ಹೇಳುವುದು ನಿಜವೇ ಎಂದು ಪರೀಕ್ಷಿಸಲು ಗಡಿ ಒಳ್ಳೆಯ ಜಾಗ. ಕೊಡಂಗಲ್ ಮತ್ತು ತಾಂಡೂರು 1956ರ ನವೆಂಬರ್ 1ರವರೆಗೆ ಗುಲಬರ್ಗಾ ಜಿಲ್ಲೆಯ ತಾಲೂಕುಗಳೇ ಆಗಿದ್ದವು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆಂಧ್ರದ ಪಾಲಾದವು. ಬೀಗತನ ಮಾತ್ರ ಪಾಲಾಗಲಿಲ್ಲ, ನನ್ನ ಅಕ್ಕನನ್ನು ಕೊಟ್ಟಿರುವುದು ಆ ಕಡೆಯ ಹಳ್ಳಿಗೆ. ತೆಲಂಗಾಣ ಸರಕಾರ 2018ರಲ್ಲಿ ರೈತಬಂಧು ಯೋಜನೆ ತಂದು ಎಕರೆಗೆ ಒಂದು ಹಂಗಾಮಿಗೆ 4,000, ಆಮೇಲೆ 5,000 ರೂಪಾಯಿ ಕೊಟ್ಟಿತು. ಪಹಣಿಯಲ್ಲಿ ಹೆಸರಿದ್ದರೆ ಸಾಕು, ಯಾರ ಅಂಗಳಕ್ಕೂ ಹೋಗಬೇಕಾಗಿರಲಿಲ್ಲ. ನಮ್ಮ ಮಾವ ಆ ಹಣ ತೆಗೆದುಕೊಂಡು ಬೀಜ ಗೊಬ್ಬರ ತಂದರು, ಆದರೆ ಒಂದು ದಿನವೂ ಅದರ ಸಲುವಾಗಿ ಶಾಸಕರ ಹೆಸರು ಹೇಳಿದ್ದನ್ನು ನಾನು ಕೇಳಲಿಲ್ಲ. 2021ರಲ್ಲಿ ಬಂದ ದಲಿತಬಂಧುವಿನ 10 ಲಕ್ಷ ರೂಪಾಯಿ ಹಾಗಲ್ಲ, ಅದಕ್ಕೆ ಫಲಾನುಭವಿಗಳನ್ನು ಆರಿಸುವುದರಲ್ಲಿ ಶಾಸಕರ ಮಾತು ನಡೆಯುತ್ತಿತ್ತು, ಊರು ತುಂಬ ಅದರದೇ ಚರ್ಚೆ, ಅದರದೇ ಜಗಳ. 2023ರ ಡಿಸೆಂಬರಿನಲ್ಲಿ ಆ ಸರಕಾರ ಹೋಯಿತು, ಕೊಡಂಗಲ್‌ನ ರೇವಂತ ರೆಡ್ಡಿ ಮುಖ್ಯಮಂತ್ರಿಯಾದರು. ಸೋಲಿಗೆ ನೂರು ಕಾರಣಗಳಿರಬಹುದು. ಎಲ್ಲರಿಗೂ ತಾನಾಗಿ ಬಂದ ಹಣ ಸರಕಾರವನ್ನು ಉಳಿಸಲಿಲ್ಲ ಎಂಬುದಂತೂ ಕಣ್ಣಿಗೆ ಕಂಡಿತು.

ನಮ್ಮ ಕಡೆಯೂ ಇದೇ ಆಯಿತು. ನಮ್ಮ ಭಾಗದವರಿಗೆ ಓದಿನಲ್ಲಿ, ಸರಕಾರಿ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ 2012ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದದ್ದರಲ್ಲಿ ಖರ್ಗೆಯವರ ಶ್ರಮ ದೊಡ್ಡದು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದರಿಂದ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ವೈದ್ಯಕೀಯ ಸೀಟು ಸಿಕ್ಕಿತು, ನನ್ನ ಪರಿಚಯದ ಹಲವು ಮಕ್ಕಳಿಗೆ ಸರಕಾರಿ ನೌಕರಿಯಾಯಿತು. ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ, ಜೊತೆಗೆ ಅಂಕ, ಇಷ್ಟೇ ಬೇಕಾಗಿತ್ತು, ಸಾಹೇಬರ ಮನೆಗೆ ಹೋಗುವ ಕೆಲಸವಿರಲಿಲ್ಲ. 2019ರಲ್ಲಿ ಖರ್ಗೆಯವರು ಅದೇ ಕೆಲಸವನ್ನು ಮುಂದಿಟ್ಟು ಮತ ಕೇಳಿ 95 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಆ ವರ್ಷದ ದೇಶದ ಗಾಳಿ ಬೇರೆಯಿತ್ತು, ನಿಜ. ಆದರೂ ಬದುಕು ಬದಲಿಸಿದ ಕಾನೂನಿಗೆ ಬೀಳದ ಮತ ಪಂಪ್‌ಸೆಟ್ಟಿಗೆ ಬೀಳುತ್ತದೆ ಎಂಬುದನ್ನು ಪ್ರತಿಯೊಬ್ಬ ರಾಜಕಾರಣಿಯೂ ಅಂದು ನೋಡಿಕೊಂಡ. ಹಾಗಿರುವಾಗ ಪಟ್ಟಿಗಳನ್ನು ತೆಗೆದುಹಾಕಿ ಎಂದು ಯಾವ ಶಾಸಕರು ಕೇಳಿಯಾರು? 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ನೇರವಾಗಿ ಹೆಂಗಸರ ಖಾತೆಗೆ ಬರತೊಡಗಿತು, ಮರುವರ್ಷ ತಾಲೂಕು ತಾಲೂಕಿಗೆ ಗ್ಯಾರಂಟಿ ಅನುಷ್ಠಾನ ಸಮಿತಿಗಳಾದವು, ಪಕ್ಷದ ಕಾರ್ಯಕರ್ತರು ಅದರ ಅಧ್ಯಕ್ಷರೂ ಸದಸ್ಯರೂ ಆದರು. ಹಣ ತಾನಾಗಿಯೇ ಬರುವಾಗ ಅನುಷ್ಠಾನಕ್ಕೆ ಸಮಿತಿ ಏಕೆ ಎಂದು ತಾವು ಕೇಳಬಹುದು, ನಾನೂ ಕೇಳಿದ್ದೆ.

ಹೊಸಬರು ಏಕೆ ಬರುವುದಿಲ್ಲ ಎಂಬ ತಮ್ಮ ಇನ್ನೊಂದು ಮಾತಿಗೆ ಉತ್ತರ ಚಿಕ್ಕದು. ಏರುವ ಏಣಿಯೇ ಇಲ್ಲ. ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ಬೇರೆ ಬೇರೆ ಪಕ್ಷಗಳ ಸರಕಾರಗಳು ಬಂದುಹೋದರೂ ಆಗಲಿಲ್ಲ. ಒಂದು ಜಿಲ್ಲಾ ಪಂಚಾಯತಿ ಕ್ಷೇತ್ರ ಗೆದ್ದು, ಹತ್ತಿಪ್ಪತ್ತು ಹಳ್ಳಿ ಓಡಾಡಿ, ಮುಂದೆ ಬಿ ಫಾರಂ ಕೇಳುವಷ್ಟು ಬೆಳೆಯಬಹುದಾಗಿದ್ದ ಹುಡುಗ ಈಗ ಸಾಹೇಬರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿಸುತ್ತಾನೆ. ಹಳಬರನ್ನು ಬೇರು ಸಹಿತ ಕಿತ್ತದ್ದು 2008ರ ಕ್ಷೇತ್ರ ಮರುವಿಂಗಡಣೆ ಮಾತ್ರ. ಗುರುಮಠಕಲ್‌ನ ಮೀಸಲಾತಿ ಹೋಯಿತು, ಚಿತ್ತಾಪುರ, ಚಿಂಚೋಳಿ, ಔರಾದ್ ಮೀಸಲಾದವು. ಅದರಿಂದಲೂ ಎಲ್ಲರೂ ಮನೆಗೆ ಹೋಗಲಿಲ್ಲ, ಕೆಲವರು ಪಕ್ಕದ ಕ್ಷೇತ್ರಕ್ಕೆ ಹೋದರು: ಖರ್ಗೆಯವರು ಚಿತ್ತಾಪುರಕ್ಕೆ, ಔರಾದಿನ ಗುರುಪಾದಪ್ಪ ನಾಗಮಾರಪಳ್ಳಿಯವರು ಬೀದರಿಗೆ.

ಜನ ಪೆದ್ದರೆಂದು ಮಾತ್ರ ತಿಳಿಯಬೇಡಿ. ಗುಳೆ ಹೋದವರನ್ನು ಮತದಾನಕ್ಕೆ ಕರೆತರಲು ಬೆಂಗಳೂರು, ಹೈದರಾಬಾದಿಗೆ ಕ್ರೂಸರ್ ಗಾಡಿಗಳು ಹೋಗುತ್ತವೆ, ಮೇಸ್ತ್ರಿಗೆ ಫೋನ್ ಹೋಗುತ್ತದೆ. ಒಬ್ಬರ ಗಾಡಿಯಲ್ಲಿ ಬಂದು, ಇನ್ನೊಬ್ಬರ ಕಡೆ ಉಂಡು, ಮೂರನೆಯವರಿಗೆ ಮತ ಹಾಕಿ ಮರಳಿದವರನ್ನು ನಾನು ಬಲ್ಲೆ. ಆ ಎರಡು ದಿನದಲ್ಲಿ ಅವರು ಮಾಡುವ ಮುಖ್ಯ ಕೆಲಸ ಮತ ಹಾಕುವುದಲ್ಲ, ತಮ್ಮ ಹೆಸರು ಇನ್ನೂ ನೋಟ್‌ಬುಕ್ಕಿನಲ್ಲಿದೆಯೇ ಎಂದು ನೋಡಿಕೊಳ್ಳುವುದು. ಬಗರ್ ಹುಕುಂ ಭೂಮಿಗೆ 1991ರಲ್ಲಿ ನಮೂನೆ 50 ತುಂಬಿಸಿದರು, 1998ರಲ್ಲಿ 53, 2018ರಲ್ಲಿ 57. ನಮ್ಮ ಪಕ್ಕದ ಮನೆಯ ಮುದುಕ 53 ತುಂಬಿ, ಹಕ್ಕುಪತ್ರ ನೋಡದೆ ತೀರಿಕೊಂಡ, ಅದೇ ಸರ್ವೆ ನಂಬರಿಗೆ ಅವನ ಮಗ 57 ತುಂಬಿದ್ದಾನೆ. ಅಪ್ಪನ ಕುರ್ಚಿ ಮಗನಿಗೆ ಬರುವುದನ್ನು ತಾವು ನೋಡಿದಿರಿ, ಅಪ್ಪನ ಅರ್ಜಿಯೂ ಮಗನಿಗೆ ಬರುತ್ತದೆ. ಈ ಮಗ ಆ ಮಗನ ಅಂಗಳದಲ್ಲಿ ನಿಂತಾಗ, "ನಿಮ್ಮ ಅಪ್ಪ ನಮ್ಮ ಅಪ್ಪಾರ ಕಡೆ ಬರ್ತಿದ್ರು, ನನಗ ನೆನಪದ" ಎಂದು ಅವರು ಹೇಳುತ್ತಾರೆ. ಆ ಒಂದು ಮಾತನ್ನು ಎದುರಾಳಿ ಹೇಳಲಾರ.

ನಮ್ಮ ಕಾಕಾನ ಮಗನ ಹೊಲದಲ್ಲಿ ಪಂಪ್‌ಸೆಟ್ ಬಂದು ಕುಳಿತಿದೆ, ಕಂಬವೂ ನೆಟ್ಟಾಗಿದೆ, ತಂತಿ ಎಳೆಯುವುದು ಬಾಕಿ. ಬರುವ ಸೋಮವಾರ ಬೆಳಿಗ್ಗೆ ಆರಕ್ಕೆ ಬೈಕ್ ತೆಗೆದುಕೊಂಡು ಬಾ, ಜೊತೆಗೆ ಹೋಗೋಣ ಎಂದು ನಿನ್ನೆ ರಾತ್ರಿ ಫೋನ್ ಮಾಡಿದ್ದ.